ಉಬ್ಬಿದ ಅಂಕಿ, ತಗ್ಗಿದ ಅಂಕಿ: ಅಜ್ಜನ ಜೀಪಿನ ಎಂಜಿನ್ ನಂಬರ್ ಹುಡುಕುವುದು ಹೇಗೆ?

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರ ನಮ್ಮ ಕಾಫಿ ತೋಟ. ಅಜ್ಜನ ಕಾಲದ ವಿಲ್ಲಿಸ್ ಜೀಪ್ ಒಂದಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ಹಳೇ ಗಾಡಿಗಳನ್ನು ಮಾರಿದ ಡಿಸ್ಪೋಸಲ್‌ನಲ್ಲಿ ಕೊಂಡದ್ದಂತೆ. ಈಗ ಆರ್‌ಸಿ ರಿನ್ಯೂವಲ್ ಮಾಡಿಸಬೇಕು. ಆರ್‌ಸಿಯಲ್ಲಿ ಎಂಜಿನ್ ನಂಬರ್ ‘ಎಂಬಿ’ ಎಂದು ಶುರುವಾಗಿ ಆರು ಅಂಕಿ ಇದೆ. ಎಂಜಿನ್ ಮೇಲೆ ನನಗೆ ಕಾಣಿಸುವುದು 638632 ಮಾತ್ರ. ನಮ್ಮ ಮೆಕ್ಯಾನಿಕ್ ‘ಎಂಜಿನ್ ಯಾವಾಗಲೋ ಬದಲಾಗಿದೆ, ಆರ್‌ಸಿಯಲ್ಲಿರುವ ನಂಬರನ್ನೇ ಪಂಚ್ ಹೊಡೆಸಿಬಿಡಿ’ ಅನ್ನುತ್ತಾರೆ. ಹಾಗೆ ಮಾಡಬಹುದಾ? ಇನ್ನೊಂದು ವಿಷಯ. ನನ್ನ ತಮ್ಮ ಗೋಣಿಕೊಪ್ಪದಲ್ಲಿ ಒಂದು ಹಳೇ ಮಾರುತಿ ಜಿಪ್ಸಿ ನೋಡಿಟ್ಟಿದ್ದಾನೆ. ಅದರ ಆರ್‌ಸಿಯಲ್ಲಿ 970 ಸಿಸಿ ಎಂದಿದೆ. ಎಂಜಿನ್ ಮೇಲಿನ ನಂಬರ್ ಮಾತ್ರ ‘ಜಿ13’ ಎಂದು ಶುರುವಾಗುತ್ತದೆ. ಕೊಳ್ಳಬಹುದಾ?

ಉತ್ತರ: ಮೊದಲನೇ ಮಾತು, ದಯವಿಟ್ಟು ಪಂಚ್ ಹೊಡೆಸಬೇಡಿ. ನಿಮ್ಮ ಪತ್ರ ಓದಿದರೆ ಆ ಜೀಪಿನಲ್ಲಿ ಏನೂ ತಪ್ಪಿಲ್ಲದೆ ಇರುವ ಸಾಧ್ಯತೆಯೇ ಜಾಸ್ತಿ ಅನ್ನಿಸುತ್ತದೆ. ತಪ್ಪಿಲ್ಲದ ಗಾಡಿಗೆ ನೀವೇ ಕೈಯಾರೆ ತಪ್ಪು ಅಂಟಿಸಿದ ಹಾಗಾಗುತ್ತದೆ.

638632 ನಿಮ್ಮ ಎಂಜಿನ್ ನಂಬರ್ ಅಲ್ಲ. ಅದು ಬ್ಲಾಕಿನ, ಅಂದರೆ ಎಂಜಿನ್ನಿನ ಮುಖ್ಯ ಮೈಯ, ಎರಕದ ನಂಬರ್. ಯುದ್ಧಕಾಲದ ವಿಲ್ಲಿಸ್ ಎಂಬಿ ಜೀಪಿನ ಬ್ಲಾಕುಗಳ ಮೇಲೆ ಇರುವುದು ಇದೇ ಅಂಕಿ. ಯುದ್ಧ ಮುಗಿದ ಮೇಲೆ ಬಂದ ಸಿಜೆ-2ಎ ಜೀಪುಗಳಲ್ಲೂ ಈ ಬ್ಲಾಕ್ ಸಿಗುತ್ತದೆ. ಅಂದರೆ ಈ ಅಂಕಿ ನಿಮ್ಮ ಆರ್‌ಸಿಗೆ ವಿರುದ್ಧ ಸಾಕ್ಷಿ ಹೇಳುತ್ತಿಲ್ಲ, ಪರವಾಗಿಯೇ ಹೇಳುತ್ತಿದೆ.

ಅದನ್ನೊಮ್ಮೆ ಬೆರಳಿಂದ ಮುಟ್ಟಿ ನೋಡಿ. ಅಂಕಿ ಉಬ್ಬಿಕೊಂಡು ಮೇಲೆ ಎದ್ದಿರುತ್ತದೆ, ಅಂಚುಗಳು ದುಂಡಗೆ, ಮೈ ಒರಟು. ಅಂಕಿ ಎರಕದ ಮೂಲ ಮಾದರಿಯಾದ ಪ್ಯಾಟರ್ನ್‌ನಲ್ಲೇ ಇರುತ್ತದೆ. ಆ ಪ್ಯಾಟರ್ನ್ ಒತ್ತಿ ಮರಳಿನ ಅಚ್ಚು ಮಾಡುತ್ತಾರೆ, ಅಚ್ಚಿಗೆ ಕರಗಿದ ಬೀಡು ಕಬ್ಬಿಣ ಹೊಯ್ಯುತ್ತಾರೆ. ಹಾಗಾಗಿ ಒಂದೇ ಪ್ಯಾಟರ್ನಿನಿಂದ ಬಂದ ಸಾವಿರಾರು ಬ್ಲಾಕುಗಳಿಗೂ ಅದೇ ಅಂಕಿ. ಅದು ಬಿಡಿಭಾಗದ ಹೆಸರಿದ್ದ ಹಾಗೆ. ಎಂಜಿನ್ ನಂಬರ್ ಹುಟ್ಟುವುದು ಆಮೇಲೆ. ಬ್ಲಾಕಿನ ಒಂದು ಸಣ್ಣ ಜಾಗವನ್ನು ಸಮ ಮಾಡಿ ಉಕ್ಕಿನ ಪಂಚ್ ಇಟ್ಟು ಹೊಡೆಯುತ್ತಾರೆ. ಹಾಗಾಗಿ ಅದು ತಗ್ಗಿರುತ್ತದೆ, ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ಉಬ್ಬಿದ್ದು ಜಾತಿಯ ಹೆಸರು, ತಗ್ಗಿದ್ದು ಆ ಒಂದೇ ಎಂಜಿನ್ನಿನ ಹೆಸರು. ಇಷ್ಟು ತಿಳಿಯದೆ ಎಷ್ಟು ಒಳ್ಳೆಯ ಜೀಪುಗಳಿಗೆ ‘ಎಂಜಿನ್ ಚೇಂಜ್’ ಎಂಬ ಹಣೆಪಟ್ಟಿ ಬಿದ್ದಿದೆ ಅಂತ ನೆನೆದರೆ ನನಗೆ ನಿಜವಾಗಿ ಬೇಜಾರಾಗುತ್ತದೆ.

ಹಾಗಾದರೆ ತಗ್ಗಿದ ನಂಬರ್ ಎಲ್ಲಿ? ಡ್ರೈವರ್ ಸೀಟಿನಲ್ಲಿ ಕೂತು ಮುಂದೆ ನೋಡಿ. ನಿಮ್ಮ ಬಲಗಡೆಯೇ ಎಂಜಿನ್ನಿನ ಬಲಗಡೆ. ಬೋನೆಟ್ ಎತ್ತಿ ಎದುರು ನಿಂತು ನೋಡಿದರೆ ಎಡಬಲ ಅದಲು ಬದಲಾಗುತ್ತದೆ, ಸುಮಾರು ಜನ ಅಲ್ಲೇ ದಾರಿ ತಪ್ಪುತ್ತಾರೆ. ಎಂಬಿ ಎಂಜಿನ್ನಿನಲ್ಲಿ ಬಲಗಡೆ, ಬ್ಲಾಕಿನ ಮುಂದಿನ ಮೂಲೆಯ ಮೇಲ್ಭಾಗದಲ್ಲಿ, ಆಯಿಲ್ ಫಿಲ್ಟರ್ ಡಬ್ಬಿಯ ಹತ್ತಿರ ಒಂದು ಸಣ್ಣ ದಿಂಡು ಹೊರಗೆ ಚಾಚಿರುತ್ತದೆ. ನಂಬರ್ ಇರುವುದು ಅದರ ಮೇಲೆ. ಹೆಬ್ಬೆರಳಿಗಿಂತ ಸ್ವಲ್ಪ ಅಗಲದ ಜಾಗ ಅಷ್ಟೇ. ನಿಮಗೆ ಅದು ಕಾಣದಿರುವುದು ಆಶ್ಚರ್ಯವಲ್ಲ. ನಮ್ಮ ಕಡೆಯ ಜೀಪುಗಳಲ್ಲಿ ಆ ಮೂಲೆಗೆ ಆಯಿಲ್ ಜಿನುಗಿ, ಕೆಸರು ಹಾರಿ, ಧೂಳು ಕೂತು ಗಟ್ಟಿ ಹೊರಪದರವೇ ಆಗಿರುತ್ತದೆ. ಅದರ ಮೇಲೆ ಆಯುಧಪೂಜೆಗೆ ಮುಂಚೆ ಯಾರೋ ಎಂಜಿನ್ನಿಗೂ ಒಂದು ಕೋಟ್ ಬಣ್ಣ ಹೊಡೆದಿರುತ್ತಾರೆ. ಹತ್ತು ವರ್ಷ ಹೀಗೇ ನಡೆದರೆ ನಂಬರ್ ಬಣ್ಣದ ಕೆಳಗೆ ಮಲಗಿಬಿಡುತ್ತದೆ.

ಕ್ಲೀನ್ ಮಾಡುವ ಕೆಲಸಕ್ಕೆ ಅವಸರ ಬೇಡ. ಎಂಜಿನ್ ತಣ್ಣಗಿರಲಿ. ಬ್ಯಾಟರಿ ಕಳಚಿ. ಸೀಮೆಎಣ್ಣೆ ಇಲ್ಲದಿದ್ದರೆ ಡೀಸೆಲ್ ಸಾಕು, ಹಳೇ ಬಟ್ಟೆ ಅದ್ದಿ ಆ ಜಾಗದ ಮೇಲೆ ಅರ್ಧ ಗಂಟೆ ಬಿಡಿ. ಜಿಡ್ಡು ಮೆತ್ತಗಾದ ಮೇಲೆ ಮರದ ಚಕ್ಕೆಯಿಂದ ಕೆರೆಯಿರಿ. ಸ್ಕ್ರೂಡ್ರೈವರ್ ಬೇಡ. ಬಣ್ಣ ಇದ್ದರೆ ಪೇಂಟ್ ರಿಮೂವರ್ ಹಚ್ಚಿ, ಅದು ಉಬ್ಬಿ ಎದ್ದ ಮೇಲೆ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ. ತುಂಬಾ ಹಟ ಮಾಡಿದರೆ ಹಿತ್ತಾಳೆ ತಂತಿಯ ಬ್ರಷ್. ಉಕ್ಕಿನ ಬ್ರಷ್, ಉಪ್ಪು ಕಾಗದ, ಗ್ರೈಂಡರ್ ಈ ಮೂರನ್ನೂ ಆ ಜಾಗದ ಹತ್ತಿರ ತರಬೇಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ವರ್ಕ್‌ಶಾಪ್ ಶುರು ಮಾಡಿದ ಹೊಸದರಲ್ಲಿ ಸೋಮವಾರಪೇಟೆ ಕಡೆಯ ಒಬ್ಬರ ಜೀಪ್ ಬಂದಿತ್ತು. ನಂಬರ್ ಬೇಗ ಕಾಣಲಿ ಅಂತ ಗ್ರೈಂಡರಿಗೆ ತಂತಿಚಕ್ರ ಹಾಕಿ ಎರಡು ನಿಮಿಷ ಆಡಿಸಿದೆ. ಜಾಗ ಪಳಪಳ ಹೊಳೆಯಿತು. ಕೊನೆಯ ಎರಡು ಅಂಕಿ ಮೊದಲೇ ತೆಳುವಾಗಿ ಬಿದ್ದಿದ್ದವು, ಅವು ಅಳಿಸಿಯೇ ಹೋದವು. ಆ ಎರಡು ಅಂಕಿಗೋಸ್ಕರ ಅವರು ತಿಂಗಳುಗಟ್ಟಲೆ ಓಡಾಡಿದರು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ, ಆದರೆ ಅದು ನನ್ನ ಮನಸ್ಸಿನಲ್ಲಿ ಇವತ್ತಿಗೂ ಹಾಗೇ ಇದೆ. ಆಮೇಲೆ ನನ್ನ ಅಂಗಡಿಯಲ್ಲಿ ಯಾರೂ ನಂಬರಿನ ಮೇಲೆ ಯಂತ್ರ ಆಡಿಸಿಲ್ಲ.

ಜಾಗ ಶುದ್ಧವಾದ ಮೇಲೆ ಒಣಗಿಸಿ, ಸೀಮೆಸುಣ್ಣ ಅಡ್ಡ ಹಿಡಿದು ಮೇಲೆಲ್ಲ ಉಜ್ಜಿ. ನಂತರ ಬೆರಳಿಂದ ಮೆಲ್ಲಗೆ ಒರೆಸಿ. ಸುಣ್ಣ ತಗ್ಗಿನಲ್ಲಿ ಉಳಿದು ಅಂಕಿಗಳು ಬೆಳ್ಳಗೆ ಎದ್ದು ಕಾಣುತ್ತವೆ. ಟಾರ್ಚನ್ನು ನೇರವಾಗಿ ಬಿಡಬೇಡಿ. ಪಕ್ಕದಿಂದ, ಮೈಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಏನೂ ಇಲ್ಲ ಅನ್ನಿಸುವ ಕಡೆ ಓರೆ ಬೆಳಕು ಬಿದ್ದ ಕೂಡಲೇ ಇಡೀ ಸಾಲು ನೆರಳಾಗಿ ಮೂಡುತ್ತದೆ. ನಾಲ್ಕೂ ದಿಕ್ಕಿನಿಂದ ಬೆಳಕು ಬಿಟ್ಟು ನಾಲ್ಕು ಫೋಟೋ ತೆಗೆಯಿರಿ. ತೆಳು ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ಕೂಡ ತೆಗೆಯಿರಿ. ಕೊನೆಗೆ ಒಂದು ಹನಿ ಎಣ್ಣೆ ಸವರಿ. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆಯಲ್ಲಿ ಬರೀ ಕಬ್ಬಿಣ ಒಂದೇ ವಾರದಲ್ಲಿ ತುಕ್ಕು ಹಿಡಿಯುತ್ತದೆ.

ಈಗ ಓದುವುದು. ಯುದ್ಧಕಾಲದ ವಿಲ್ಲಿಸ್ ಆದರೆ ಮೊದಲು ‘ಎಂಬಿ’ ಬರುತ್ತದೆ. ಅದೇ ಕಾಲದಲ್ಲಿ ಅದೇ ಜೀಪನ್ನು ಫೋರ್ಡ್ ಕಂಪನಿಯೂ ಮಾಡಿತ್ತು, ಅದರ ನಂಬರ್ ‘ಜಿಪಿಡಬ್ಲ್ಯು’ ಎಂದು ಶುರುವಾಗುತ್ತದೆ. ಫೋರ್ಡ್ ಬ್ಲಾಕಿನ ಎರಕದ ನಂಬರ್ ‘ಜಿಪಿಡಬ್ಲ್ಯು-6015’. ನಿಮ್ಮಲ್ಲಿ ಅದಿಲ್ಲ, 638632 ಇದೆ. ಹಾಗಾಗಿ ಬ್ಲಾಕ್ ವಿಲ್ಲಿಸ್‌ನದೇ. ‘ಜೆ’ ಎಂದು ಶುರುವಾದರೆ ಯುದ್ಧದ ನಂತರದ ಸಿಜೆ-2ಎ ಎಂಜಿನ್. ‘4ಜೆ’ ಇದ್ದರೆ ಸಿಜೆ-3ಬಿಗೆ ಬಂದ ಹರಿಕೇನ್ ಎಂಜಿನ್, ಅದರಲ್ಲಿ ನಂಬರ್ ಬ್ಲಾಕಿನ ಮುಂದುಗಡೆ ವಾಟರ್ ಪಂಪ್ ಕೂರುವ ದಿಂಡಿನ ಮೇಲಿರುತ್ತದೆ.

ನಂಬರಿನ ಕೊನೆಯಲ್ಲಿ ಒಂದೋ ಎರಡೋ ಅಕ್ಷರ ಇದೆಯಾ ನೋಡಿ. ಇದು ನನಗೆ ತುಂಬಾ ಇಷ್ಟವಾದ ವಿಷಯ. ‘ಎ’ ಇದ್ದರೆ ಕ್ರ್ಯಾಂಕಿನ ಮೈನ್ ಮತ್ತು ಕನೆಕ್ಟಿಂಗ್ ರಾಡ್ ಜರ್ನಲ್‌ಗಳು (ಬೇರಿಂಗಿನೊಳಗೆ ತಿರುಗುವ ದುಂಡು ಭಾಗಗಳು) ಕಾರ್ಖಾನೆಯಿಂದಲೇ ಹತ್ತು ಥೌ ಕಡಿಮೆ. ‘ಬಿ’ ಇದ್ದರೆ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, ಹತ್ತು ಥೌ ಜಾಸ್ತಿ. ‘ಎಬಿ’ ಇದ್ದರೆ ಎರಡೂ. ಹತ್ತು ಥೌ ಅಂದರೆ ಇಂಚಿನ ನೂರನೇ ಒಂದು ಭಾಗ, ಸುಮಾರು ಕಾಲು ಮಿಲಿಮೀಟರ್. ಸ್ವಲ್ಪ ತಪ್ಪಿದ ಕ್ರ್ಯಾಂಕ್, ಬ್ಲಾಕುಗಳನ್ನು ಎಸೆಯದೆ ಸರಿಮಾಡಿ ಬಳಸಿ, ಮುಂದೆ ಬಿಚ್ಚುವ ಮೆಕ್ಯಾನಿಕ್ಕಿಗೆ ಗೊತ್ತಾಗಲಿ ಅಂತ ಗುರುತು ಹೊಡೆದದ್ದು. ಹಳೇ ಆರ್‌ಸಿ ಬರೆದವರು ಕೆಲವೊಮ್ಮೆ ಈ ಅಕ್ಷರ ಬಿಟ್ಟಿದ್ದಾರೆ, ಕೆಲವೊಮ್ಮೆ ಸೇರಿಸಿದ್ದಾರೆ. ಅದೊಂದೇ ವ್ಯತ್ಯಾಸ ಇದ್ದರೆ ಎಂಜಿನ್ ಬದಲಾಗಿಲ್ಲ. ಮುಂದೆ ಎಂಜಿನ್ ಇಳಿಸಿದಾಗ ಲೇತ್ ಅಂಗಡಿಯವರಿಗೆ ಈ ಅಕ್ಷರ ಹೇಳಲು ಮರೆಯಬೇಡಿ. ಬೇರಿಂಗ್ ತರುವ ಮುಂಚೆಯೇ ಅಳತೆ ಗೊತ್ತಾಗುತ್ತದೆ.

ಆರ್‌ಸಿಯ ಕೈಬರಹವನ್ನೂ ಅನುಮಾನದಿಂದಲೇ ನೋಡಿ. ಇಂಗ್ಲಿಷಿನ ‘ಬಿ’ ಅಕ್ಷರ 8ರ ಹಾಗೆ ಕಾಣುತ್ತದೆ. ‘ಎಸ್’ 5 ಆಗುತ್ತದೆ. ಜೆ ಅಕ್ಷರ 7 ಆಗಿ, ‘4ಜೆ’ ಅನ್ನುವುದು 47 ಆಗಿದ್ದ ಪುಸ್ತಕ ನಾನೇ ಕಂಡಿದ್ದೇನೆ. ಹಳೇ ಪುಸ್ತಕದಿಂದ ಹೊಸ ಪುಸ್ತಕಕ್ಕೆ, ಅಲ್ಲಿಂದ ಕಂಪ್ಯೂಟರಿಗೆ ನಕಲಾಗುವಾಗ ಒಂದು ಅಂಕಿ ಜಾರಿದರೂ ಸಾಕು. ಮನೆಯಲ್ಲಿ ಹಳೇ ಆರ್‌ಸಿ ಪುಸ್ತಕ, ಟ್ಯಾಕ್ಸ್ ಕಾರ್ಡ್, ಇನ್ಶೂರೆನ್ಸ್ ಕಾಗದ ಏನಿದ್ದರೂ ಹುಡುಕಿ. ಐನ್‌ಮನೆಯ (ಕುಟುಂಬದ ಹಿರಿಯರ ಮನೆಯ) ಪೆಟ್ಟಿಗೆಗಳಲ್ಲಿ ಇಂಥವು ಜೋಪಾನವಾಗಿ ಇರುತ್ತವೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಅದಕ್ಕೂ ಮುಂಚಿನ ಕಾಗದ ಒಂದು ಸಿಕ್ಕರೂ ಅದು ಚಿನ್ನ.

ನಂಬರ್ ಓದಿ ಆಯಿತು ಅಂತ ನಿಲ್ಲಬೇಡಿ, ಎಂಜಿನ್ನಿನ ಮೈಯನ್ನೂ ಓದಿ. ಎಂಬಿಯ ಎಂಜಿನ್ 2199 ಸಿಸಿ, 60 ಎಚ್‌ಪಿ, ವಾಲ್ವ್‌ಗಳೆಲ್ಲ ಬ್ಲಾಕಿನ ಪಕ್ಕದಲ್ಲೇ. ಹಾಗಾಗಿ ಬ್ಲಾಕಿನ ಮೇಲೆ ಕೂರುವ ಹೆಡ್ ಒಂದು ದಪ್ಪ ತಟ್ಟೆಯ ಹಾಗೆ ಚಪ್ಪಟೆ, ಸ್ಪಾರ್ಕ್ ಪ್ಲಗ್‌ಗಳು ಅದರ ಮೇಲೆ ನೆಟ್ಟಗೆ ನಿಂತಿರುತ್ತವೆ. ಮೇಲೆ ಟ್ಯಾಪೆಟ್ ಕವರ್ (ವಾಲ್ವ್ ಭಾಗಗಳ ಮುಚ್ಚಳ) ಇರುವುದಿಲ್ಲ. ಹರಿಕೇನ್‌ನಲ್ಲಿ ಇನ್‌ಲೆಟ್ ವಾಲ್ವ್ ಹೆಡ್ಡಿಗೆ ಹೋಯಿತು, ಎಕ್ಸಾಸ್ಟ್ ಬ್ಲಾಕಿನಲ್ಲೇ ಉಳಿಯಿತು. ಹಾಗಾಗಿ ಮೇಲೆ ಟ್ಯಾಪೆಟ್ ಕವರ್ ಬಂತು, ಎಂಜಿನ್ ಎತ್ತರವಾಯಿತು. ಆ ಎತ್ತರಕ್ಕೇ ಸಿಜೆ-3ಬಿಯ ಬೋನೆಟ್ ಎತ್ತರ ಮಾಡಬೇಕಾಯಿತು. ಇಲ್ಲಿ ಒಂದು ಎಚ್ಚರ: ಎರಡಕ್ಕೂ ಬೋರ್, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಒಂದೇ, ಸಿಸಿಯೂ ಒಂದೇ 2199. ಆರ್‌ಸಿಯಲ್ಲಿ ಸಿಸಿ ಹೊಂದಿತು ಅಂದ ಮಾತ್ರಕ್ಕೆ ಎಂಜಿನ್ ಹೊಂದಿತು ಅಂತಲ್ಲ.

ಇನ್ನೊಂದು ತಪ್ಪು ನಂಬಿಕೆ ಇದೆ: ಎಂಜಿನ್ ನಂಬರೂ ಚಾಸಿ ನಂಬರೂ ಒಂದೇ ಇದ್ದರೆ ಮಾತ್ರ ಒರಿಜಿನಲ್ ಅಂತ. ಫೋರ್ಡ್ ಮಾಡಿದ ಜೀಪಿಗೆ ಆ ಮಾತು ಸರಿ, ಅಲ್ಲಿ ಎರಡೂ ಒಂದೇ ಆಗಿ ಕಾರ್ಖಾನೆಯಿಂದ ಹೊರಬರುತ್ತಿದ್ದವು. ವಿಲ್ಲಿಸ್ ಎಂಬಿಯಲ್ಲಿ ಎರಡೂ ಮೊದಲಿಂದಲೇ ಬೇರೆ ಬೇರೆ. ನಿಮ್ಮ ಜೀಪಿನಲ್ಲಿ ಅವು ಬೇರೆ ಇದ್ದರೆ ಅದು ಸಹಜ. ಎಂಬಿಯ ಚಾಸಿ ನಂಬರ್ ಒಂದು ಸಣ್ಣ ತಗಡಿನ ಮೇಲಿದ್ದು, ಆ ತಗಡನ್ನು ಮುಂದಿನ ಬಂಪರ್ ಹಿಂದೆ, ಎಡ ಚಾಸಿ ಪಟ್ಟಿಯ ಒಳಮೈಗೆ ರಿವೆಟ್ ಹೊಡೆದಿರುತ್ತಾರೆ. ಅದನ್ನೂ ಇದೇ ಹೊತ್ತಿಗೆ ಹುಡುಕಿ ಫೋಟೋ ಇಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೆ ತಗ್ಗಿದ ನಂಬರ್ ಆರ್‌ಸಿಗೆ ಹೊಂದಿದರೆ ಮುಗಿಯಿತು, ಧೈರ್ಯವಾಗಿ ಮಡಿಕೇರಿಗೆ ಹೊರಡಿ. ಬ್ರೇಕ್ ಇನ್ಸ್‌ಪೆಕ್ಟರ್ ನೋಡುವ ಹೊತ್ತಿಗೆ ಜಾಗ ಶುದ್ಧವಾಗಿರಲಿ, ನೀವೇ ಟಾರ್ಚ್ ಹಿಡಿದು ತೋರಿಸಿ. ಹೊಂದದೆ ಬೇರೆ ‘ಎಂಬಿ’ ನಂಬರೋ ‘ಜೆ’ ನಂಬರೋ ಇದ್ದರೆ ಎಂಜಿನ್ ಬದಲಾಗಿದೆ ಅಂತ ಅರ್ಥ. ಅದು ಅಪರಾಧದ ಗುರುತಲ್ಲ. ಮಿಲಿಟರಿ ವರ್ಕ್‌ಶಾಪ್‌ಗಳಲ್ಲಿ ಕೆಟ್ಟ ಎಂಜಿನ್ ಇಳಿಸಿ, ರೆಡಿ ಇದ್ದ ಇನ್ನೊಂದನ್ನು ಏರಿಸುವುದು ಮಾಮೂಲು ಕೆಲಸ. ಜಾಗ ಸಮತಟ್ಟಾಗಿದ್ದು ನಂಬರೇ ಹೊಡೆದಿಲ್ಲದಿದ್ದರೆ ಬದಲಿ ಬ್ಲಾಕ್ ಇರಬಹುದು. ಬಿಡಿಭಾಗವಾಗಿ ಮಾರಿದ ಬ್ಲಾಕುಗಳು ನಂಬರಿಲ್ಲದೆ ಬರುತ್ತಿದ್ದವು.

ಎಂಜಿನ್ ಬದಲಾದರೆ ಏನು ಮಾಡಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಬದಲಾವಣೆ ಆದ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ತಿದ್ದಿಸಬೇಕು. ನಿಮ್ಮ ವಿಷಯದಲ್ಲಿ ಅದು ಅಜ್ಜನ ಕಾಲದಲ್ಲೇ ಆಗಿದ್ದರೆ, ಗೊತ್ತಾದ ಕೂಡಲೇ ನೀವಾಗಿಯೇ ಅರ್ಜಿ ಬರೆದು, ಪೆನ್ಸಿಲ್ ಪ್ರಿಂಟ್ ಮತ್ತು ಫೋಟೋ ಲಗತ್ತಿಸಿ, ಪರಿಶೀಲಿಸಿ ಸರಿಮಾಡಿಕೊಡಿ ಅಂತ ಕೇಳುವುದೇ ದಾರಿ. ಅಲೆದಾಟ ಇರುತ್ತದೆ. ಆದರೂ ಇದೊಂದೇ ನೇರ ದಾರಿ.

ಪಂಚ್ ಹೊಡೆಸಿದರೆ ಹೇಗೆ ಗೊತ್ತಾಗುತ್ತದೆ ಅಂತ ಕೇಳಬಹುದು. ನಂಬರ್ ಸೊಟ್ಟ ಇದೆಯಾ ಅಂತ ಯಾರೂ ನೋಡುವುದಿಲ್ಲ. ಹಳೇ ನಂಬರುಗಳು ಕೈಯಿಂದಲೇ ಹೊಡೆದವು, ಒಂದು ಅಂಕಿ ಮೇಲೆ ಒಂದು ಕೆಳಗೆ ಇರುವುದು ಸಹಜ. ನೋಡುವುದು ಆ ಅಂಕಿ ಕೂತ ನೆಲವನ್ನು. ಕಾರ್ಖಾನೆಯಲ್ಲಿ ಸಮ ಮಾಡಿದ ಜಾಗದಲ್ಲಿ ಒಂದೇ ದಿಕ್ಕಿಗೆ ಹೋಗುವ ಸಣ್ಣ ಗೀರುಗಳಿರುತ್ತವೆ. ಗ್ರೈಂಡರ್ ಆಡಿದ ಜಾಗದಲ್ಲಿ ಕಮಾನಿನ ಹಾಗೆ ಬಾಗಿದ ಗೀರು, ನಡುವೆ ಸಣ್ಣ ತಗ್ಗು, ಅಂಚಿನಲ್ಲಿ ಇಳಿಜಾರು. ಎಂಬತ್ತು ವರ್ಷದ ಕಬ್ಬಿಣದಲ್ಲಿ ಅಂಕಿಯ ಒಳಗೆ ಮಾತ್ರ ಹೊಸ ಲೋಹ ಹೊಳೆಯುತ್ತಿದ್ದರೆ ಮಕ್ಕಳಿಗೂ ಗೊತ್ತಾಗುತ್ತದೆ. ಅಷ್ಟೇ ಅಲ್ಲ, ಪಂಚ್ ಬಿದ್ದಾಗ ಅಂಕಿಯ ಕೆಳಗಿನ ಲೋಹವೂ ಒತ್ತಿಕೊಂಡಿರುತ್ತದೆ. ಮೇಲೆ ಉಜ್ಜಿದರೂ ಆ ಒತ್ತು ಕೆಳಗೆ ಉಳಿದಿರುತ್ತದೆ. ವಿಧಿವಿಜ್ಞಾನ ಲ್ಯಾಬ್‌ನವರು ಆಮ್ಲ ಹಚ್ಚಿ ಎಷ್ಟೋ ಸಲ ಹಳೇ ಅಂಕಿಯನ್ನು ಮತ್ತೆ ಎಬ್ಬಿಸುತ್ತಾರೆ. ನಿಮ್ಮ ಮೆಕ್ಯಾನಿಕ್ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಕೇಸ್ ಬೀಳುವುದು ಮಾಲೀಕರ ಮೇಲೆ.

ಒಂದು ಪಕ್ಕದ ಮಾತು. ಮೊದಲ ರಿಜಿಸ್ಟ್ರೇಷನ್‌ನಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗಳಿಗೆ 2021ರ ನಿಯಮದಲ್ಲಿ ವಿಂಟೇಜ್ ರಿಜಿಸ್ಟ್ರೇಷನ್ ಇದೆ, ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಹೊಸದಾಗಿ ಮಾಡಿಸಲು ಶುಲ್ಕ 20,000 ರೂಪಾಯಿ. ಆದರೆ ಅಂಥ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಕೆಲಸದಾಳುಗಳನ್ನು ಕರೆತರಲು, ಗೊಬ್ಬರ ಸಾಗಿಸಲು ಜೀಪ್ ಬೇಕು ಅನ್ನುವವರಿಗೆ ಅದು ಸರಿಹೋಗದು.

ಕೊಡಗಿನಲ್ಲಿ ಇನ್ನೊಂದು ಬಗೆ ಜಾಸ್ತಿ ಸಿಗುತ್ತದೆ: ಪೆಟ್ರೋಲ್ ಜೀಪಿಗೆ ಕೂರಿಸಿದ ಡೀಸೆಲ್ ಎಂಜಿನ್. ಹೆಚ್ಚಿನವು ಮಹೀಂದ್ರದ ಡೀಸೆಲ್ ಜೀಪುಗಳಿಂದ ಬಂದ ಪೂಜೋ ಎಂಜಿನ್, ಎಕ್ಸ್‌ಡಿಪಿ 4.90. ಅದರ ಹೆಸರಲ್ಲೇ ಅಳತೆ ಇದೆ, ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್. ಸ್ಟ್ರೋಕ್ 83, ಒಟ್ಟು 2112 ಸಿಸಿ. ಇನ್ನು ಮಹೀಂದ್ರದ ಎಂಡಿಐ ಎಂಜಿನ್ ಆದರೆ 2523 ಸಿಸಿ. ಆರ್‌ಸಿಯಲ್ಲಿ ಪೆಟ್ರೋಲ್, 2199 ಸಿಸಿ ಎಂದಿದ್ದು ಬೋನೆಟ್ ಕೆಳಗೆ ಹೀಟರ್ ಪ್ಲಗ್, ಡೀಸೆಲ್ ಪಂಪ್ ಕಂಡರೆ ನಂಬರ್ ಹುಡುಕುವ ಮುಂಚೆಯೇ ಉತ್ತರ ಸಿಕ್ಕಿತು ಅಲ್ವಾ. ಅಂಥ ಜೀಪ್ ಕೊಳ್ಳುವಾಗ, ಬದಲಾವಣೆ ಆರ್‌ಸಿಯಲ್ಲಿ ಏರಿದೆಯಾ ಅಂತ ಮೊದಲು ನೋಡಿ.

ಈಗ ನಿಮ್ಮ ತಮ್ಮನ ಜಿಪ್ಸಿ. ಸುಜುಕಿ ಎಂಜಿನ್ ಕೋಡ್ ಓದುವುದು ಸುಲಭ. ಮೊದಲ ಅಕ್ಷರ ಎಂಜಿನ್ ಕುಟುಂಬ, ಅಂಕಿ ಲೀಟರಿನ ಲೆಕ್ಕ, ಮುಂದಿನ ಅಕ್ಷರ ಅದರ ಬಗೆ. ಮಾರುತಿ 800ರ ‘ಎಫ್8ಬಿ’ ಅಂದರೆ 0.8 ಲೀಟರ್, 796 ಸಿಸಿ. 1985ರಲ್ಲಿ ಬಂದ ಮೊದಲ ಜಿಪ್ಸಿ ಎಂಜಿ410ರಲ್ಲಿ ಇದ್ದದ್ದು ‘ಎಫ್10ಎ’, 970 ಸಿಸಿ. 1996ರ ಜಿಪ್ಸಿ ಕಿಂಗ್‌ಗೆ ಬಂದದ್ದು ‘ಜಿ13’ ಕುಟುಂಬದ 1298 ಸಿಸಿ. ಹಾಗಾಗಿ ಆರ್‌ಸಿಯಲ್ಲಿ 970 ಸಿಸಿ ಇದ್ದು ಎಂಜಿನ್ ಮೇಲೆ ‘ಜಿ13’ ಇದ್ದರೆ ಇಲ್ಲಿ ಬರಹದ ತಪ್ಪಿಗೆ ಜಾಗವೇ ಇಲ್ಲ. ಹಳೇ ಜಿಪ್ಸಿಗೆ ಕಿಂಗ್ ಎಂಜಿನ್ ಕೂರಿಸಿದ್ದಾರೆ.

ಖಾತ್ರಿ ಬೇಕಿದ್ದರೆ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಲಿ. ‘ಎಫ್10ಎ’ ಬ್ಲಾಕ್ ಬೀಡು ಕಬ್ಬಿಣ, ಅಯಸ್ಕಾಂತ ಪಟ್ಟನೆ ಅಂಟುತ್ತದೆ. ‘ಜಿ13’ ಬ್ಲಾಕ್ ಅಲ್ಯೂಮಿನಿಯಂ, ಅಯಸ್ಕಾಂತ ಕೆಳಗೆ ಬೀಳುತ್ತದೆ. ಬ್ಲಾಕಿನ ಮೈಗೇ ಹಿಡಿಯಬೇಕು, ಬ್ರಾಕೆಟ್ಟಿಗೋ ಬೋಲ್ಟಿಗೋ ಅಲ್ಲ. ಅಲ್ಯೂಮಿನಿಯಂ ಮೇಲಿನ ನಂಬರಿಗೆ ಬಿಳಿ ಪುಡಿ ಹಿಡಿದಿರುತ್ತದೆ, ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಅದು ಮೆದು ಲೋಹ, ಕೆರೆದರೆ ಕಬ್ಬಿಣಕ್ಕಿಂತ ಬೇಗ ಸವೆಯುತ್ತದೆ.

ಗಾಡಿ ಚೆನ್ನಾಗಿ ಎಳೆಯುತ್ತದೆ ಅನ್ನುವುದರಲ್ಲಿ ಅನುಮಾನವಿಲ್ಲ. ಭಾಗಮಂಡಲದ ಏರಿನಲ್ಲಿ ಹಳೇ 970 ಸಿಸಿ ಏದುಸಿರು ಬಿಡುವ ಕಡೆ ಇದು ಸಲೀಸಾಗಿ ಹತ್ತುತ್ತದೆ. ಜನ ಯಾಕೆ ಹಾಕಿಸುತ್ತಾರೆ ಅಂತ ನನಗೂ ಅರ್ಥವಾಗುತ್ತದೆ. ಆದರೆ ಕಾಗದದ ಕಡೆ ನೋಡಿ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಹೇಳಿದೆ. ಕಾಯ್ದೆಯ 2019ರ ತಿದ್ದುಪಡಿಯಂತೆ, ಅನುಮತಿ ಇಲ್ಲದ ಮಾರ್ಪಾಡು ಒಂದೊಂದಕ್ಕೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ಹಿಡಿಯುವುದೂ ಈ ವ್ಯತ್ಯಾಸವನ್ನೇ.

ತಮ್ಮನಿಗೆ ಹೀಗೆ ಹೇಳಿ: ಮಾರುವವರು ಎಂಜಿನ್ ಕೊಂಡ ಬಿಲ್ ತೋರಿಸಲಿ, ಆ ಎಂಜಿನ್ ಯಾವ ಗಾಡಿಯದು ಅಂತ ಕಾಗದದಲ್ಲಿ ಇರಲಿ, ಆರ್‌ಸಿಯಲ್ಲಿ ನಂಬರೂ ಸಿಸಿಯೂ ಅವರ ಹೆಸರಿನಲ್ಲೇ ಬದಲಾಗಲಿ. ಆಮೇಲೆ ಹಣ ಕೊಡಲಿ. ‘ನೀವು ತಗೊಳ್ಳಿ, ಆಮೇಲೆ ಮಾಡಿಸಿಕೊಡ್ತೀನಿ’ ಅಂದರೆ ಅಡ್ವಾನ್ಸ್ ಕೂಡ ಕೊಡುವುದು ಬೇಡ. ಹುಡುಕಿದರೆ ‘ಎಫ್10ಎ’ ಎಂಜಿನ್ನೇ ಇರುವ ಎಂಜಿ410 ಸಿಗುತ್ತದೆ, ಸ್ವಲ್ಪ ಕಾಯಲಿ.